ಕಾಳಿ ನದಿಯ ದೋಣಿಗಳೂ ಅವುಗಳ ಚುಕ್ಕಾಣಿಯೂ

ಜೋಯಿಡಾ ತಾಲೂಕಿನ ಡಿಗ್ಗಿ ಗ್ರಾಮದ ಪರಿಸರದಲ್ಲಿ ಸಣ್ಣ ಸಣ್ಣ ಝರಿಗಳಾಗಿ ಉದ್ಭವಿಸಿ, ಸೂಪಾ, ದಾಂಡೇಲಿಗಳ ದಟ್ಟ ಕಾನನಗಳನ್ನು ಬಳಸಿ ಹರಿದು, ಘಟ್ಟವನ್ನಿಳಿದು, ಸುಮಾರು 184 ಕಿಲೋಮೀಟರುಗಳ ಪಯಣದ ಕೊನೆಯಲ್ಲಿ ಸದಾಶಿವಗಡದ ಬುಡವನ್ನು ತೊಳೆಯುತ್ತ ಅರಬ್ಬೀ ಸಮುದ್ರವನ್ನು ಕೂಡುವ ಕಾಳಿ ನದಿಗೆ, ತನ್ನ ಜನನವನ್ನೂ ಸಾಗರಸಂಗಮವನ್ನೂ ಉತ್ತರ ಕನ್ನಡವೆಂಬ ಒಂದೇ ಜಿಲ್ಲೆಯ ಎಲ್ಲೆಯೊಳಗೆ ಮುಗಿಸಿಕೊಳ್ಳುವ ವಿಶೇಷವೊಂದುಂಟು. ಈ ನದಿಯ ದಡದ ತೇಗದ ಮರಗಳನ್ನು ಕುರಿತು, ಕಾಡಿನ ವ್ಯಾಘ್ರಗಳನ್ನು ಕುರಿತು, ಅಣೆಕಟ್ಟುಗಳಿಂದ ಹೊಮ್ಮುವ ವಿದ್ಯುಚ್ಛಕ್ತಿಯನ್ನು ಕುರಿತು ಬರೆದವರು ಅನೇಕರಿದ್ದಾರೆ. ಆದರೆ ಆ ನೀರಿನ ಮೇಲೆ ದೋಣಿಯನ್ನು ಹೂಡಿ, ತಾನು ಬಯಸಿದ ಕಡೆಗೆ ಅದನ್ನು ತಿರುಗಿಸಬಲ್ಲ ವಿದ್ಯೆಯನ್ನು ಮನುಷ್ಯನು ಹೇಗೆ ಸಂಪಾದಿಸಿದನು, ಆ ವಿದ್ಯೆಯು ಕೈಯಲ್ಲಿ ಹಿಡಿದ ಬಿದಿರಿನ ಗಳದಿಂದ ಆರಂಭವಾಗಿ ಕವಚದೊಳಗೆ ಅಡಗಿರುವ ಉಕ್ಕಿನ ತಂತಿಯವರೆಗೆ ಹೇಗೆ ಬೆಳೆದುಬಂದಿತು, ಆ ಬೆಳವಣಿಗೆಯ ಜೊತೆಜೊತೆಗೆ ಯಾವ ಕರ್ತವ್ಯವು ನಮ್ಮ ಪಾಲಿಗೆ ಬಂದಿದೆ ಎಂಬುದನ್ನು ವಿಚಾರಿಸಿದವರು ವಿರಳ. ದೋಣಿಯನ್ನು ನಡೆಸುವವನ ಕೈಗೂ ಅವನು ನಂಬಿದ ನೀರಿಗೂ ನಡುವಣ ಈ ಸಂಬಂಧದ ಚರಿತ್ರೆಯನ್ನು ಹೇಳುವುದೇ ಪ್ರಸ್ತುತ ಬರಹದ ಉದ್ದೇಶ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸಂಧಿಪ್ರದೇಶ. ಜೋಯಿಡಾದ ಪಶ್ಚಿಮದಂಚಿನಲ್ಲಿ ಮುಂಗಾರು ಮಳೆಯು ಹಗಲಿರುಳೆನ್ನದೆ ಸುರಿಯುತ್ತಿರುವಾಗ, ಅಲ್ಲಿಂದ ಪೂರ್ವಕ್ಕೆ ಒಂದು ದಿನದ ದಾರಿಯಷ್ಟೇ ದೂರದ ಹಳಿಯಾಳದ ಗದ್ದೆಗಳಲ್ಲಿ ಅದೇ ಮಳೆಯು ಮಿತವಾಗಿ ಬೀಳುತ್ತದೆ. ಹಳಿಯಾಳದ ತಟ್ಟಿಹಳ್ಳವೂ ಜೋಯಿಡಾದ ಪಾಂಢರಿಯೂ ಕಾಳಿಗೆ ನೀರುಣಿಸಿದರೆ, ಮುಂಡಗೋಡದ ಹಳ್ಳಗಳಲ್ಲಿ ಕೆಲವು ಬೇಡ್ತಿಯ ಮೂಲಕ ಪಡುಗಡಲನ್ನೂ, ಮತ್ತೆ ಕೆಲವು ಧರ್ಮಾ ಮತ್ತು ವರದಾ ನದಿಗಳ ಮೂಲಕ ತುಂಗಭದ್ರೆಯನ್ನೂ, ಅಲ್ಲಿಂದ ಮೂಡುಗಡಲನ್ನೂ ಸೇರುತ್ತವೆ. ಇಂತಹ ನಾಡಿನಲ್ಲಿ ಹೊಳೆಯನ್ನು ದಾಟುವ ಪ್ರಶ್ನೆಯು ಋತುಮಾನವನ್ನು ಅನುಸರಿಸಿಯೇ ಇರತಕ್ಕದ್ದು. ಉಳವಿಯ ಚನ್ನಬಸವಣ್ಣನ ಜಾತ್ರೆಗೆಂದು ಧಾರವಾಡ, ಬೆಳಗಾವಿಗಳ ಕಡೆಯ ರೈತಾಪಿ ಭಕ್ತರು ಚಕ್ಕಡಿಗಳನ್ನು ಕಟ್ಟಿಕೊಂಡು ಈ ಕಾಡುಗಳನ್ನು ಹಾಯ್ದು ಬರುವುದು ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ. ಆಗ ಹಳ್ಳಗಳು ಸೊರಗಿ, ಎತ್ತುಗಳ ಗೊರಸು ಮುಳುಗುವಷ್ಟು ಮಾತ್ರ ನೀರಿರುವುದರಿಂದ ದೋಣಿಯ ಹಂಗೇ ಬೇಕಾಗದು. ಅದೇ ಹಳ್ಳಗಳು ಆಷಾಢದಲ್ಲಿ ಕೆಂಪಾಗಿ ಉಕ್ಕಿ ಹರಿಯುವಾಗ, ಆಚೆಯ ದಡದ ಊರು ಕಣ್ಣಿಗೆ ಕಾಣುತ್ತಿದ್ದರೂ ಕಾಲಿಗೆ ನಿಲುಕದಂತಾಗುತ್ತಿತ್ತು.

ಆ ಕಾಲದ ಮೊದಲ ಸಾಧನ ತೆಪ್ಪ. ಬಿದಿರಿನ ಹಲವು ಗಳಗಳನ್ನು ಕಾಡುಬಳ್ಳಿಯಿಂದ ಬಿಗಿದು ಕಟ್ಟಿದರೆ ತೆಪ್ಪವಾಯಿತು. ಅದನ್ನು ನಡೆಸುವುದಕ್ಕೆ ಇನ್ನೊಂದು ಉದ್ದನೆಯ ಬಿದಿರಿನ ಗಳ ಸಾಕು. ತಳವನ್ನು ಮುಟ್ಟಿ ಒತ್ತಿದಾಗ ತೆಪ್ಪವನ್ನು ಮುಂದಕ್ಕೆ ಚಲಿಸುವಂತೆ ಮಾಡುವ ಆ ಗಳವೇ, ಓರೆಯಾಗಿ ಊರಿದಾಗ ದಿಕ್ಕನ್ನೂ ಬದಲಿಸುವುದು. ತೆಪ್ಪಕ್ಕಿಂತ ಹೆಚ್ಚು ಕುಶಲವಾದುದು ಹರಿಗೋಲು. ಬಿದಿರಿನ ಸೀಳುಗಳನ್ನು ಹೆಣೆದು ವೃತ್ತಾಕಾರದ ದೊಡ್ಡ ಬುಟ್ಟಿಯನ್ನು ಮಾಡಿ, ಅದರ ಹೊರಮೈಗೆ ದನ ಎಮ್ಮೆಗಳ ತೊಗಲನ್ನು ಹೊದಿಸಿ ಹೊಲಿದು ಸಿದ್ಧಪಡಿಸುತ್ತಿದ್ದ ಈ ನೌಕೆಯು ತುಂಗಭದ್ರೆಯ, ಕೃಷ್ಣೆಯ ತೀರಗಳಲ್ಲಿ ಶತಮಾನಗಳಿಂದ ಜನರನ್ನೂ ದವಸವನ್ನೂ ಹೊತ್ತಿದೆ. ಮುಂದಿಲ್ಲದ, ಹಿಂದಿಲ್ಲದ, ಎಲ್ಲ ಕಡೆಯೂ ಒಂದೇ ಆಕಾರವುಳ್ಳ ಹರಿಗೋಲಿಗೆ ಪ್ರತ್ಯೇಕ ಚುಕ್ಕಾಣಿಯನ್ನು ಕಟ್ಟುವುದು ಸಾಧ್ಯವಿಲ್ಲ. ಅಂಬಿಗನು ಒಂದೇ ಹುಟ್ಟನ್ನು ಎದುರಿಗೆ ಇಳಿಸಿ, ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಪ್ರತಿಯೊಂದು ಎಳೆತದಲ್ಲಿಯೂ ಮಣಿಕಟ್ಟನ್ನು ಕಿಂಚಿತ್ ತಿರುವಿ, ಗಿರ್ರನೆ ಸುತ್ತಲು ಹವಣಿಸುವ ಬುಟ್ಟಿಯನ್ನು ನೇರವಾಗಿ ನಿಲ್ಲಿಸಿಕೊಳ್ಳಬೇಕು. ಇಲ್ಲಿ ಕೈಗೂ ನೀರಿಗೂ ಮಧ್ಯೆ ಇರುವುದು ಒಂದು ತುಂಡು ಮರ ಮಾತ್ರ. ನೀರಿನ ಸೆಳೆತದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಅದು ಆ ಮರದ ಮೂಲಕ ಒಡನೆಯೇ ಅಂಗೈಗೆ ತಿಳಿಯುವುದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಅಂಬಿಗರ ಚೌಡಯ್ಯನಂತಹ ನಿಷ್ಠುರವಾದಿಯು ಈ ಕಾಯಕದಿಂದಲೇ ಬಂದವನೆಂಬುದನ್ನು ನೆನೆದಾಗ, ಕ್ಷಣಕ್ಷಣವೂ ಎಚ್ಚರವನ್ನು ಬೇಡುವ ಈ ವೃತ್ತಿಗೂ ಆ ನೇರ ನುಡಿಗೂ ಸಂಬಂಧವಿದ್ದಿರಬೇಕೆಂದು ತೋರುತ್ತದೆ.

ಈ ಪ್ರದೇಶವು ಹಿಂದೆ ಹಲಸಿಯನ್ನು ಕೇಂದ್ರವಾಗಿ ಹೊಂದಿದ್ದ ಪಲಸಿಗೆ ಹನ್ನೆರಡು ಸಾಸಿರವೆಂಬ ಪ್ರಾಂತದ ನೆರಳಿನಲ್ಲಿತ್ತು. ಗೋವೆಯ ಕದಂಬರು ಈ ಘಟ್ಟದ ಮೇಲಿನ ನಾಡನ್ನೂ ಕೆಳಗಿನ ಕಡಲತೀರವನ್ನೂ ಒಟ್ಟಿಗೆ ಆಳಿದವರು. ಗೋವೆಯಲ್ಲಿ ದೊರೆತಿರುವ ಅವರ ಕಾಲದ ವೀರಗಲ್ಲುಗಳಲ್ಲಿ, ಸಾಲಾಗಿ ಕುಳಿತು ಹುಟ್ಟು ಹಾಕುವ ನಾವಿಕರನ್ನೂ, ಹಡಗಿನ ಮೇಲೆಯೇ ಕಾದು ಮಡಿದ ಯೋಧರನ್ನೂ ಶಿಲ್ಪಿಗಳು ಕಡೆದಿರಿಸಿದ್ದಾರೆ. ಕಾಡಿನಲ್ಲಿ ಮರವನ್ನು ಬೆಳೆಸುವ ಮಲೆಯೂ, ಆ ಮರದಿಂದ ಹಡಗನ್ನು ಕಟ್ಟುವ ಕರಾವಳಿಯೂ ಒಂದೇ ರಾಜ್ಯದ ಎರಡು ಅಂಗಗಳಾಗಿದ್ದುವೆಂಬುದಕ್ಕೆ ಆ ಕಲ್ಲುಗಳು ಸಾಕ್ಷ್ಯವಾಗಿವೆ. ಅಲ್ಲಿಂದ ಬಹುಕಾಲದ ಮೇಲೆ, ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಟೀಪುವಿನ ಪತನವಾದ ಅನಂತರ, ಹಳಿಯಾಳವು ಇಂಗ್ಲಿಷರ ಸೇನಾಠಾಣ್ಯಗಳಲ್ಲೊಂದಾಯಿತು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿದ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಹೆಸರು ಮರಳಿ ಮರಳಿ ಬರುವುದು. ತುಂಬಿದ ಹೊಳೆಗಳನ್ನು ಸೈನ್ಯವು ದಾಟಬೇಕಾದಾಗ ಆ ಸೇನಾನಿಯು ನೆಚ್ಚಿದ್ದು ತನ್ನ ದೇಶದ ನೌಕೆಗಳನ್ನಲ್ಲ, ಈ ನಾಡಿನ ತೊಗಲು ಹೊದಿಸಿದ ಹರಿಗೋಲನ್ನೇ. 1803ರ ದಖ್ಖನ್ನಿನ ದಂಡಯಾತ್ರೆಗೆ ಮುನ್ನ ಬುಟ್ಟಿದೋಣಿಗಳನ್ನು ಮಾಡಿಸಿ ಸಿದ್ಧವಾಗಿಡುವಂತೆ ಆತನು ವಿವರವಾದ ಸೂಚನೆಗಳನ್ನೇ ಬರೆದು ಕಳುಹಿಸಿದನು.

ಘಟ್ಟದ ಕೆಳಗೆ ಕಾಳಿಯ ಸ್ವಭಾವವೇ ಬೇರೆ. ಕದ್ರಾದಿಂದ ಸಮುದ್ರದವರೆಗೆ ನದಿಯು ಅಗಲವಾಗಿ, ಸಮವಾಗಿ, ಉಬ್ಬರ ಇಳಿತಗಳಿಗೆ ಓಗೊಡುತ್ತ ಹರಿಯುವುದರಿಂದ ಅಲ್ಲಿ ದೋಣಿಯ ಸಂಚಾರವು ಪ್ರಾಚೀನ ಕಾಲದಿಂದಲೂ ನಡೆದುಬಂದಿದೆ. 1801ರಲ್ಲಿ ಸಮೀಕ್ಷಕ ಫ್ರಾನ್ಸಿಸ್ ಬುಕಾನನನು ಕರಾವಳಿಯಿಂದ ಕದ್ರಾದ ಮಾರ್ಗವಾಗಿಯೇ ಘಟ್ಟವನ್ನೇರಿ ಯಲ್ಲಾಪುರದ ಕಡೆಗೆ ಸಾಗಿದನು. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಪಾತಿದೋಣಿ, ಊರಿನಿಂದೂರಿಗೆ ಜನರನ್ನು ದಾಟಿಸುವ ತಾರಿದೋಣಿ, ಹಾಯಿ ಕಟ್ಟಿ ಸರಕು ಸಾಗಿಸುವ ಮಚವೆ, ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ರಂಪಣಿದೋಣಿ, ಇವೆಲ್ಲವೂ ಈ ತೀರದ ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಮೊದಲಾದ ಸಮುದಾಯಗಳ ಬಾಳಿನ ಆಧಾರಗಳಾಗಿದ್ದುವು. ಪಾತಿಯಂತಹ ಸಣ್ಣ ದೋಣಿಗೆ ಕೈಯ ಹುಟ್ಟೇ ಚುಕ್ಕಾಣಿ. ದೊಡ್ಡ ದೋಣಿಗಳಲ್ಲಾದರೋ ಹಿಂಭಾಗದಲ್ಲಿ ಉದ್ದನೆಯ ಹುಟ್ಟೊಂದನ್ನು ಹಿಡಿದು ನಿಂತ, ದೋಣಿಯ ಮುಖ್ಯ ನಾವಿಕನಾದ ತಾಂಡೇಲನ ತೋಳಿನ ಬಲವೇ ದಿಕ್ಕನ್ನು ನಿರ್ಣಯಿಸುತ್ತಿತ್ತು. ಹಾಯಿಯ ಮಚವೆಗಳಲ್ಲಿ ಹಿಂಬದಿಯ ಮರಕ್ಕೆ ತಿರುಗಣೆಯಿಂದ ಜೋಡಿಸಿದ ಅಗಲವಾದ ಹಲಗೆ ನೀರಿನೊಳಗೂ, ಅದರ ಹಿಡಿಯು ತಾಂಡೇಲನ ಕಂಕುಳಲ್ಲೂ ಇರುತ್ತಿತ್ತು. ಹಡಗನ್ನು ಕಟ್ಟುವುದಕ್ಕೆ ಕೆನರಾದ ತೇಗದ ಮರವೇ ಶ್ರೇಷ್ಠವೆಂಬ ಕೀರ್ತಿಯು ಆ ಕಾಲಕ್ಕೆ ಮುಂಬಯಿಯ ನೌಕಾಂಗಣದವರೆಗೂ ಹಬ್ಬಿತ್ತು. ತೇಗದಲ್ಲಿರುವ ಸಹಜವಾದ ಎಣ್ಣೆಯಂಶವು ಮರವನ್ನು ನೀರಿನಿಂದಲೂ ಹುಳುವಿನಿಂದಲೂ ರಕ್ಷಿಸುವುದೇ ಆ ಕೀರ್ತಿಯ ಕಾರಣ.

1862ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಕ್ಕೆ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ವರ್ತಕರ ಆಕಾಂಕ್ಷೆಯು ಮುಖ್ಯವಾದ ಕಾರಣವಾಗಿತ್ತು. ಮುಂದೆ ಅದೇ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಸಾಗಿ, ಮರಳುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದು ಮನೆಗೆ ಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ಸ್ಮರಿಸಿದ್ದಾರೆ. ಆ ರಾತ್ರಿ ಅವರನ್ನು ಒಯ್ದ ದೋಣಿಗೆ ಯಂತ್ರವಿರಲಿಲ್ಲ. ಮನುಷ್ಯನ ತೋಳು, ಗಾಳಿ, ಉಬ್ಬರ, ಇಳಿತ ಎಂಬಿವಷ್ಟೇ ಅಂದಿನ ನದೀಯಾನದ ಚಾಲಕಶಕ್ತಿಗಳು.

ಈ ದೋಣಿಗಳ ಬದುಕಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಒಂದು ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮುಂಗಾರು ಸಮೀಪಿಸಿದೊಡನೆ ದೋಣಿಗಳನ್ನು ದಡಕ್ಕೆಳೆದು, ತೆಂಗಿನ ಗರಿಯ ಚಪ್ಪರದ ಕೆಳಗೆ ಮರದ ದಿಮ್ಮಿಗಳ ಮೇಲೆ ಏರಿಸಿ, ಮೈಗೆ ಅಂಟಿದ ಚಿಪ್ಪುಹುಳಗಳನ್ನು ಕೆರೆದು ತೆಗೆದು, ಸಡಿಲವಾದ ಹುರಿಯನ್ನು ಬಿಚ್ಚಿ ಹೊಸದಾಗಿ ಹೊಲಿದು, ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಮರವು ಕುಡಿಯುವಷ್ಟು ಕುಡಿಸುತ್ತಿದ್ದರು. ಚುಕ್ಕಾಣಿಯ ತಿರುಗಣೆಗೆ ಎಣ್ಣೆ ಹಚ್ಚಿ, ಹಿಡಿಯನ್ನು ಒರಸಿ, ಪ್ರತ್ಯೇಕವಾಗಿ ಒಣಗಿದೆಡೆಯಲ್ಲಿ ಇಡುತ್ತಿದ್ದರು. ಶ್ರಾವಣದ ನೂಲು ಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿಯನ್ನು ಅರ್ಪಿಸಿ ಮತ್ತೆ ನೀರಿಗಿಳಿಯುವ ವೇಳೆಗೆ, ದೋಣಿಯ ಪ್ರತಿಯೊಂದು ಕೀಲೂ ಪ್ರತಿಯೊಂದು ಗಂಟೂ ಯಜಮಾನನ ಕೈಯನ್ನು ಹಾದು ಬಂದಿರುತ್ತಿತ್ತು. ಹಬ್ಬವೂ ಜೀರ್ಣೋದ್ಧಾರವೂ ಒಂದೇ ಆಚರಣೆಯ ಎರಡು ಮುಖಗಳಾಗಿದ್ದ ಈ ಪದ್ಧತಿಯಲ್ಲಿ ನಮ್ಮ ಹಿರಿಯರ ಯಂತ್ರಧರ್ಮವೇ ಅಡಗಿತ್ತೆಂದು ಹೇಳಬಹುದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಘಟ್ಟದ ಮೇಲಿನ ನೀರಿನ ಸ್ವರೂಪವೇ ಬದಲಾಯಿತು. 1955ರಲ್ಲಿ ಸ್ಥಾಪಿತವಾಗಿ 1959ರಲ್ಲಿ ಉತ್ಪಾದನೆಯನ್ನಾರಂಭಿಸಿದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯು ದಾಂಡೇಲಿಯನ್ನು ಮರದ ಕೋಠಿಗಳ ಊರಿನಿಂದ ಔದ್ಯೋಗಿಕ ನಗರವನ್ನಾಗಿ ಮಾಡಿತು. ಅದಕ್ಕಿಂತಲೂ ಗಾಢವಾದ ಪರಿವರ್ತನೆಯನ್ನು ತಂದುದು ಕಾಳಿ ಜಲವಿದ್ಯುತ್ ಯೋಜನೆ. ಗಣೇಶಗುಡಿಯ ಬಳಿ 101 ಮೀಟರು ಎತ್ತರಕ್ಕೂ 332 ಮೀಟರು ಉದ್ದಕ್ಕೂ ಎದ್ದು ನಿಂತ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಾಗ, ಕಾಳಿಯೂ ಪಾಂಢರಿಯೂ ಕೂಡುತ್ತಿದ್ದ ಸಂಗಮಸ್ಥಾನದ ಸೂಪಾ ಪಟ್ಟಣವು ಸುತ್ತಲಿನ ಹಳ್ಳಿಗಳ ಸಹಿತ ಜಲಗರ್ಭವನ್ನು ಸೇರಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದುವು, ನಿರ್ವಾಸಿತರಾದ ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆಗೊಂಡುವು. ಸುಮಾರು 147 ಟಿಎಂಸಿ ಅಡಿ ನೀರನ್ನು ಹಿಡಿಯಬಲ್ಲ ಆ ಜಲಾಶಯದ ಜೊತೆಗೆ, ಬೊಮ್ಮನಹಳ್ಳಿಯ ಪಿಕಪ್ ಅಣೆಕಟ್ಟು, ಹಳಿಯಾಳದ ಕಡೆಯ ತಟ್ಟಿಹಳ್ಳದ ಅಣೆಕಟ್ಟು, ಮುಂದೆ ಕೊಡಸಳ್ಳಿ, ಕದ್ರಾಗಳ ಅಣೆಕಟ್ಟುಗಳು ಒಂದೊಂದಾಗಿ ಬಂದು, ಹರಿಯುವ ನದಿಯು ಮೆಟ್ಟಿಲು ಮೆಟ್ಟಿಲಾದ ಸರೋವರಗಳ ಸಾಲಾಗಿ ಮಾರ್ಪಟ್ಟಿತು. ಮುಂಡಗೋಡದ ಕಡೆಯಲ್ಲಿಯೂ ಮಳಗಿಯ ಬಳಿಯ ಧರ್ಮಾ ಜಲಾಶಯ, ಹಕ್ಕಿಗಳಿಗೆ ಆಶ್ರಯವಾದ ಅತ್ತಿವೇರಿ ಜಲಾಶಯ ಮೊದಲಾದುವು ಹೊಲಗದ್ದೆಗಳ ನಡುವೆ ವಿಸ್ತಾರವಾದ ನೀರಿನ ಹಾಸುಗಳನ್ನು ಹರಡಿದುವು. ಗಳವನ್ನೂರಿ ದೋಣಿ ನಡೆಸುತ್ತಿದ್ದವನಿಗೆ ಈಗ ತಳವೇ ಸಿಗದಾಯಿತು. ಗಾಳಿಯೆದ್ದರೆ ಹಿನ್ನೀರಿನ ವಿಶಾಲವಾದ ಮೈಯ ಮೇಲೆ ಅಲೆಗಳೇಳತೊಡಗಿದುವು. ಆಳಕ್ಕೂ ದೂರಕ್ಕೂ ತಕ್ಕ ಹೊಸ ಸಾಧನವೊಂದು ಅವಶ್ಯವಾಯಿತು.

ಆ ಸಾಧನವು ಆಗಲೇ ಜಗತ್ತಿನ ಬೇರೊಂದು ಮೂಲೆಯಲ್ಲಿ ಹುಟ್ಟಿ ಬೆಳೆದಿತ್ತು. ದೋಣಿಯ ಒಡಲನ್ನು ಕೊರೆಯದೆ, ಅದರ ಹಿಂಬದಿಯ ಹಲಗೆಗೆ ಹೊರಗಿನಿಂದಲೇ ಬಿಗಿದು, ಬೇಕಾದಾಗ ಕಳಚಿ ಹೆಗಲಿಗೇರಿಸಿಕೊಂಡು ಹೋಗಬಹುದಾದ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕೆಯ ಕ್ಯಾಮೆರಾನ್ ವಾಟರ್‌ಮನ್ ನಿರ್ಮಿಸಿದನು. ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿ ನಗರದಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಒಂದೂವರೆ ಅಶ್ವಶಕ್ತಿಯ ತನ್ನ ಯಂತ್ರವನ್ನು ಮಾರುಕಟ್ಟೆಗೆ ತಂದು ಅದನ್ನು ಜನಸಾಮಾನ್ಯರ ವಸ್ತುವನ್ನಾಗಿಸಿದನು. 1960ರಲ್ಲಿ ಜಪಾನಿನ ಯಮಾಹಾ ಕಂಪನಿಯು ಈ ಕ್ಷೇತ್ರಕ್ಕೆ ಕಾಲಿಟ್ಟಿತು. 1980ರ ದಶಕದಲ್ಲಿ ಕರ್ನಾಟಕದ ಕರಾವಳಿಯ ನಾಡದೋಣಿಗಳು ಸೀಮೆಎಣ್ಣೆಯಿಂದ ನಡೆಯುವ ಇಂತಹ ಯಂತ್ರಗಳನ್ನು ಹೆಚ್ಚುಹೆಚ್ಚಾಗಿ ಅಳವಡಿಸಿಕೊಂಡುವು. ಅವುಗಳ ಶಬ್ದವು ಕಾರವಾರದ ಅಳಿವೆಯಲ್ಲಿ ದಿನನಿತ್ಯದ ಸಂಗತಿಯಾಯಿತು. ಈ ಯಂತ್ರಕ್ಕೆ ಪ್ರತ್ಯೇಕವಾದ ಚುಕ್ಕಾಣಿಯಿಲ್ಲ. ನೀರನ್ನು ಹಿಂದಕ್ಕೆ ತಳ್ಳುವ ಪಂಖವೇ ಯಂತ್ರದ ಜೊತೆಗೆ ಎಡಕ್ಕೂ ಬಲಕ್ಕೂ ಹೊರಳುವುದರಿಂದ, ತಳ್ಳುವ ಶಕ್ತಿಯೂ ತಿರುಗಿಸುವ ಶಕ್ತಿಯೂ ಒಂದೇ ಆಗಿವೆ. ಮೀನುಗಾರನ ದೋಣಿಯಲ್ಲಿ ಯಂತ್ರಕ್ಕೇ ಜೋಡಿಸಿದ ಹಿಡಿಯನ್ನು ಹಿಡಿದು ಕುಳಿತವನು ಹಳೆಯ ತಾಂಡೇಲನ ನೇರ ವಂಶಸ್ಥನೇ ಸರಿ. ಅವನ ಅಂಗೈಗೆ ನೀರಿನ ಒತ್ತಡವು ಇಂದಿಗೂ ನೇರವಾಗಿ ತಿಳಿಯುತ್ತದೆ.

ಆದರೆ ದಾಂಡೇಲಿ, ಗಣೇಶಗುಡಿಗಳ ಸುತ್ತಣ ಹಿನ್ನೀರಿನಲ್ಲಿ ಯಾತ್ರಿಕರನ್ನು ಕೂರಿಸಿಕೊಂಡು ಓಡುವ ಫೈಬರ್ ದೋಣಿಗಳಲ್ಲಿ ಚಾಲಕನು ಹಿಂದೆ ಯಂತ್ರದ ಪಕ್ಕದಲ್ಲಿ ಕುಳಿತರೆ ಎದುರಿನ ನೀರೂ ಬಂಡೆಯೂ ಕಾಣಿಸದು. ಅವನು ಮುಂದೆ ಕುಳಿತು, ಮೋಟಾರು ಗಾಡಿಯಲ್ಲಿರುವಂತೆ ಚಕ್ರವನ್ನು ತಿರುಗಿಸಬೇಕು. ಆ ಚಕ್ರದ ಆಜ್ಞೆಯನ್ನು ಹಿಂದಿರುವ ಯಂತ್ರಕ್ಕೆ ಮುಟ್ಟಿಸುವುದೇ ಕೇಬಲ್. ಮೊದಮೊದಲು ರಾಟೆಗಳ ಮೇಲೆ ಹಾಯಿಸಿದ ಹಗ್ಗದಿಂದ ಈ ಕೆಲಸ ನಡೆಯುತ್ತಿತ್ತು. ಹಗ್ಗಕ್ಕೆ ಎಳೆಯುವ ಶಕ್ತಿಯುಂಟೇ ಹೊರತು ತಳ್ಳುವ ಶಕ್ತಿಯಿಲ್ಲವಾದ್ದರಿಂದ ಎಡಕ್ಕೊಂದು ಬಲಕ್ಕೊಂದು ಎಳೆ ಬೇಕಾಗುತ್ತಿತ್ತು. ಬಾಗಬಲ್ಲ ಕವಚವೊಂದರೊಳಗೆ ತಂತಿಯನ್ನು ಚಲಿಸುವಂತೆ ಮಾಡುವ ಉಪಾಯಕ್ಕೆ 1896ರಲ್ಲಿ ಎರ್ನೆಸ್ಟ್ ಬೌಡನ್ ಎಂಬಾತನು ಪೇಟೆಂಟ್ ಪಡೆದಿದ್ದನು. ಸೈಕಲ್ಲಿನ ಬ್ರೇಕಿನಲ್ಲಿ ನಾವು ದಿನವೂ ಕಾಣುವುದು ಆ ಉಪಾಯದ ಫಲವೇ. ತಂತಿಯನ್ನು ಇನ್ನಷ್ಟು ದಪ್ಪವಾಗಿ, ದೃಢವಾಗಿ ಮಾಡಿ, ಎಳೆಯುವುದಕ್ಕೂ ತಳ್ಳುವುದಕ್ಕೂ ಸಮರ್ಥವಾಗುವಂತೆ ರೂಪಿಸಿದಾಗ ಒಂದೇ ಕೇಬಲ್ಲಿನಿಂದ ದೋಣಿಯನ್ನು ಎರಡೂ ಕಡೆಗೆ ತಿರುಗಿಸುವುದು ಸಾಧ್ಯವಾಯಿತು. ಚಕ್ರದ ಹಿಂದಿನ ಹಲ್ಲುಗಾಲಿಯು ಕೇಬಲ್ಲಿನ ಒಳತಂತಿಯನ್ನು ನೂಕುತ್ತದೆ. ತಂತಿಯ ಕೊನೆಯಲ್ಲಿರುವ ಉಕ್ಕಿನ ಸರಳು ಯಂತ್ರದ ಹಿಡಿಕೆಯನ್ನು ಅಡ್ಡಲಾಗಿ ಹಾಯುವ ಟಿಲ್ಟ್ ಟ್ಯೂಬ್ ಎಂಬ ಕೊಳವೆಯೊಳಗೆ ಜಾರುತ್ತ ಹೊರಬರುತ್ತದೆ. ಸರಳಿನ ತುದಿಗೆ ಸೇರಿಸಿದ ಕೊಂಡಿಯು ಯಂತ್ರವನ್ನು ಹೊರಳಿಸುತ್ತದೆ.

ಹೀಗೆ ಕೈಗೂ ನೀರಿಗೂ ನಡುವಣ ದಾರಿಯು ದೀರ್ಘವಾಯಿತು, ಮಾತ್ರವಲ್ಲ, ಕಣ್ಣಿಗೆ ಮರೆಯೂ ಆಯಿತು. ಈ ಮರೆಯಲ್ಲಿಯೇ ವ್ಯಾಧಿಯು ಹುಟ್ಟುವುದು. ‘ಸ್ಟೇರಿಂಗ್ ಟೈಟ್ ಆಗಿದೆ’ ಎಂದು ದೋಣಿ ನಡೆಸುವವರು ಹೇಳುವ ಈ ವ್ಯಾಧಿಯು ಒಂದೇ ದಿನದಲ್ಲಿ ಬರುವುದಿಲ್ಲ. ಜೋಯಿಡಾ ಸೀಮೆಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ದೋಣಿಯು ನಿಂತಲ್ಲಿಯೇ ನಿಂತಿರುತ್ತದೆ. ಹೊದಿಕೆಯ ಕೆಳಗೂ ತೇವವು ನುಸುಳುತ್ತದೆ. ಟಿಲ್ಟ್ ಟ್ಯೂಬಿನೊಳಗಿನ ಹಳೆಯ ಗ್ರೀಸು ದ್ರವಾಂಶವನ್ನು ಕಳೆದುಕೊಂಡು ಮೇಣದಂತೆ ಗಡುಸಾಗುತ್ತದೆ. ಅದರ ಹಿಂದೆ ತುಕ್ಕು ಬೆಳೆಯುತ್ತದೆ. ಕಾರವಾರದ ಅಳಿವೆಯಲ್ಲಾದರೋ ಉಪ್ಪುನೀರಿನ ದೆಸೆಯಿಂದ ಇದೇ ಕಾರ್ಯವು ಇನ್ನೂ ಶೀಘ್ರವಾಗಿ ನಡೆಯುವುದು. ಕೇಬಲ್ಲಿನ ಹೊರಕವಚವು ಎಲ್ಲಿಯಾದರೂ ಸೀಳಿದ್ದರೆ ನೀರು ಒಳಹೊಕ್ಕು ಉಕ್ಕಿನ ಎಳೆಗಳು ಉಬ್ಬಿಕೊಳ್ಳುತ್ತವೆ. ಅಳವಡಿಸುವಾಗ ಕೇಬಲ್ಲನ್ನು ಅತಿಯಾಗಿ ಬಾಗಿಸಿದ್ದರೆ ಆ ಬಾಗಿನಲ್ಲಿಯೇ ಘರ್ಷಣೆ ಹೆಚ್ಚುತ್ತದೆ. ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಕಾರಣವೆಂದರೆ ಯಂತ್ರವೇ ಹೊರಳುವ ಲಂಬವಾದ ತಿರುಗಣೆಯಲ್ಲಿ ಗ್ರೀಸು ಗಟ್ಟಿಯಾಗಿರುವುದು. ಆಗ ದೋಷವು ಕೇಬಲ್ಲಿನದಲ್ಲದಿದ್ದರೂ ಚಕ್ರವನ್ನು ಹಿಡಿದವನಿಗೆ ಎರಡೂ ಒಂದೇ ತೆರನಾಗಿ ತೋರುವುದು.

ಆದುದರಿಂದ ಚಿಕಿತ್ಸೆಗೆ ಮೊದಲು ನಿದಾನವು ಅವಶ್ಯ. ಯಂತ್ರವನ್ನು ನಿಲ್ಲಿಸಿ, ದೋಣಿಯನ್ನು ದಡಕ್ಕೆ ಭದ್ರವಾಗಿ ಕಟ್ಟಿ, ಸರಳನ್ನು ಯಂತ್ರಕ್ಕೆ ಕೂಡಿಸುವ ಕೊಂಡಿಯನ್ನು ಕಳಚಬೇಕು. ಬಳಿಕ ಯಂತ್ರವನ್ನು ಕೈಯಿಂದ ಎಡಬಲಕ್ಕೆ ಹೊರಳಿಸಿ ನೋಡಬೇಕು. ಅದು ಸಲೀಸಾಗಿ ಹೊರಳಿ ಚಕ್ರವು ಮಾತ್ರ ಬಿಗಿಯಾಗಿಯೇ ಇದ್ದರೆ ದೋಷವು ಕೇಬಲ್ಲಿನಲ್ಲಿಯೋ ಕೊಳವೆಯಲ್ಲಿಯೋ ಇದೆ. ಚಕ್ರವು ಸಲೀಸಾಗಿ, ಯಂತ್ರವು ಬಿಗಿಯಾಗಿದ್ದರೆ ದೋಷವು ತಿರುಗಣೆಯಲ್ಲಿದೆ. ತಿರುಗಣೆಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸನ್ನು ಒತ್ತಿ, ಕಪ್ಪಾದ ಹಳೆಯ ಗ್ರೀಸು ಹೊರಬಂದು ಹೊಸದರ ಬಣ್ಣವು ಕಾಣುವವರೆಗೂ ಯಂತ್ರವನ್ನು ಹೊರಳಿಸುತ್ತಿರಬೇಕು. ಕೊಳವೆಯಲ್ಲಿ ದೋಷವಿದ್ದರೆ, ಅದರ ತುದಿಯ ದೊಡ್ಡ ನಟ್ಟನ್ನು ಬಿಚ್ಚಿ ಸರಳನ್ನು ಹೊರಗೆಳೆಯಬೇಕು. ಬಾರದಿದ್ದಲ್ಲಿ ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು, ತಾಳ್ಮೆಯಿಂದ ಕಾದು, ಸರಳಿಗೆ ಮರದ ತುಂಡನ್ನು ಅಡ್ಡವಿಟ್ಟು ಮೆಲ್ಲಗೆ ತಟ್ಟಬೇಕು. ಸುತ್ತಿಗೆಯನ್ನು ನೇರವಾಗಿ ಬಳಸಿದರೆ ಸರಳಿನ ತುದಿಯು ಹೂವಿನಂತೆ ಅರಳಿ ಕೊಳವೆಯಿಂದ ಹೊರಬರುವುದೇ ಇಲ್ಲ. ಸರಳು ಬಂದ ಮೇಲೆ ಕೊಳವೆಯ ಒಳಮೈಯನ್ನು ದುಂಡನೆಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರಸಿ, ಸರಳನ್ನೂ ಹೊಳೆಯುವಂತೆ ಶುಚಿಮಾಡಿ, ನೀರಿಗೆ ಕರಗದ ಗ್ರೀಸನ್ನು ಸವರಿ ಮರಳಿ ಜೋಡಿಸಬೇಕು. ಗ್ರೀಸು ತುಂಬುವ ನಿಪ್ಪಲ್ ಇರುವ ಕೇಬಲ್ಲುಗಳಲ್ಲಿ ಸರಳನ್ನು ಪೂರ್ಣವಾಗಿ ಒಳಕ್ಕೆಳೆದ ಅನಂತರವೇ ಗ್ರೀಸನ್ನು ಒತ್ತಬೇಕು. ಸರಳು ಹೊರಗೆ ಚಾಚಿರುವಾಗ ಒತ್ತಿದರೆ ಒಳಗೆ ಸಿಕ್ಕಿಬಿದ್ದ ಗ್ರೀಸು ಸರಳನ್ನು ಹಿಂದೆಗೆಯಲು ಬಿಡದೆ ಸ್ಟೇರಿಂಗನ್ನೇ ಕಟ್ಟಿಹಾಕುವ ಅಪಾಯವುಂಟು.

ಕೇಬಲ್ಲಿನ ಒಳತಂತಿಯೇ ತುಕ್ಕು ಹಿಡಿದಿದ್ದರೆ ಎಣ್ಣೆ ಗ್ರೀಸುಗಳಿಂದ ಅದನ್ನು ಬದುಕಿಸಲು ಯತ್ನಿಸುವುದು ವ್ಯರ್ಥ, ಅಪಾಯಕರ ಸಹ. ತಾತ್ಕಾಲಿಕವಾಗಿ ಸಡಿಲಗೊಂಡ ಅಂತಹ ಕೇಬಲ್ಲು ನಡುನೀರಿನಲ್ಲಿ ಮತ್ತೆ ಹಿಡಿದುಕೊಳ್ಳಬಹುದು. ಹಳೆಯದರ ಉದ್ದವನ್ನು ಅಳೆದು, ಅಷ್ಟೇ ಉದ್ದದ ಹೊಸದನ್ನು ತಂದು, ವಿಶಾಲವಾದ ಬಾಗುಗಳಲ್ಲಿ ಹಾಯಿಸುವುದೇ ಸರಿಯಾದ ಮಾರ್ಗ. ಕೊಂಡಿಯನ್ನು ಮರಳಿ ಸೇರಿಸುವಾಗ ತಾನಾಗಿ ಸಡಿಲವಾಗದ ನಟ್ಟುಗಳನ್ನು ಹೊಸದಾಗಿ ಹಾಕಬೇಕು. ಒಮ್ಮೆ ಬಿಚ್ಚಿದ ಅಂತಹ ನಟ್ಟು ಎರಡನೆಯ ಸಲ ಮೊದಲಿನ ಹಿಡಿತವನ್ನು ಕೊಡದು. ಎಲ್ಲವೂ ಮುಗಿದ ಮೇಲೆ, ದೋಣಿಯನ್ನು ಇನ್ನೂ ದಡಕ್ಕೆ ಕಟ್ಟಿರುವಾಗಲೇ, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹಲವು ಬಾರಿ ತಿರುಗಿಸಿ, ಯಂತ್ರವನ್ನು ಮೇಲಕ್ಕೆತ್ತಿದಾಗಲೂ ಇಳಿಸಿದಾಗಲೂ ಕೇಬಲ್ಲು ಎಲ್ಲಿಯೂ ತೊಡರದೆಂಬುದನ್ನು ಕಂಡುಕೊಂಡು, ಆಮೇಲೆ ನೀರಿಗೆ ಹೊರಡತಕ್ಕದ್ದು. ಇದರಲ್ಲಿ ಒಬ್ಬ ಸಾಧಾರಣ ಮಿಸ್ತ್ರಿಗೆ ಅಸಾಧ್ಯವಾದುದು ಯಾವುದೂ ಇಲ್ಲ. ಬೇಕಾದ ಪರಿಕರಗಳು ಹಳಿಯಾಳ, ಮುಂಡಗೋಡಗಳ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿಯೂ ದೊರೆಯುವಂತಹವೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೀರ್ಘವಾದ ವಿವರಣೆ ಏಕೆಂದು ಕೇಳುವವರು ಈ ನದಿಯ ಇತ್ತೀಚಿನ ಚರಿತ್ರೆಯನ್ನು ನೋಡಬೇಕು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರನ್ನು ಬಿಡಲೇಬೇಕಾಗಿ ಬಂದು ಕೆಳಗಿನ ಗ್ರಾಮಗಳು ಜಲಾವೃತವಾದಾಗ, ಮನೆಗಳಲ್ಲಿ ಸಿಕ್ಕಿಕೊಂಡವರಿಗೆ ದೋಣಿಯ ಹೊರತು ಬೇರೆ ಗತಿಯಿರಲಿಲ್ಲ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರವನ್ನೂ ಸದಾಶಿವಗಡವನ್ನೂ ಕೂಡಿಸುತ್ತಿದ್ದ, ನಾಲ್ಕು ದಶಕಗಳಷ್ಟು ಹಳೆಯದಾದ ಸೇತುವೆಯು ಕುಸಿದು ಲಾರಿಯೊಂದು ಕಾಳಿಯ ಒಡಲಿಗೆ ಬಿದ್ದಾಗ, ಆ ಕತ್ತಲೆಯಲ್ಲಿ ಚಾಲಕನ ಪ್ರಾಣವನ್ನುಳಿಸಿದವರು ಸ್ಥಳೀಯ ಮೀನುಗಾರರೂ ಪೊಲೀಸರೂ. ಇಂತಹ ಗಳಿಗೆಯಲ್ಲಿ ದೋಣಿಯ ಚಕ್ರವು ತಿರುಗದೆ ಹೋದರೆ, ಅಥವಾ ಬಲವಂತವಾಗಿ ತಿರುಗಿಸಿದಾಗ ಕೊಂಡಿಯೇ ಮುರಿದುಬಿದ್ದರೆ, ಯಂತ್ರದ ಅಶ್ವಶಕ್ತಿಯೆಲ್ಲವೂ ದೋಣಿಯನ್ನು ಬಂಡೆಯ ಕಡೆಗೆ ಒಯ್ಯುವ ಶಕ್ತಿಯೇ ಆಗಿಬಿಡುವುದು. ಮೊಸಳೆಗಳಿರುವ ದಾಂಡೇಲಿಯ ನೀರಿನಲ್ಲಿ, ಅಣೆಕಟ್ಟಿನ ವಿದ್ಯುದಾಗಾರವು ನೀರನ್ನು ಬಿಟ್ಟೊಡನೆ ಸೆಳೆತವು ಹೆಚ್ಚುವ ಗಣೇಶಗುಡಿಯ ಕೆಳಗಿನ ಹೊಳೆಯಲ್ಲಿ, ಮಕ್ಕಳು ಮರಿಗಳೊಡನೆ ವಿಹಾರಕ್ಕೆ ಬಂದ ಸಂಸಾರವೊಂದರ ಕ್ಷೇಮವು ಆ ಕೊಳವೆಯೊಳಗಿನ ಒಂದಿಷ್ಟು ಗ್ರೀಸನ್ನು ಅವಲಂಬಿಸಿದೆ.

ಹಳೆಯ ಅಂಬಿಗನಿಗೆ ಯಂತ್ರಶಾಸ್ತ್ರವು ತಿಳಿದಿರಲಿಲ್ಲವಾದರೂ ತನ್ನ ಹುಟ್ಟಿನಲ್ಲಿ ಸೀಳು ಕಂಡ ದಿನವೇ ಅದನ್ನು ಬದಲಿಸಬೇಕೆಂಬುದು ತಿಳಿದಿತ್ತು, ಏಕೆಂದರೆ ಆ ಸೀಳು ಅವನ ಅಂಗೈಯನ್ನೇ ಚುಚ್ಚುತ್ತಿತ್ತು. ಇಂದಿನ ಚಾಲಕನ ಅಂಗೈಗೆ ಅಂತಹ ಮುನ್ಸೂಚನೆಯು ಬಹು ತಡವಾಗಿ ಬರುವುದರಿಂದ, ಅವನು ಅದನ್ನು ಕ್ರಮವಾದ ಪರೀಕ್ಷೆಯಿಂದ ತಾನೇ ಹುಡುಕಿಕೊಂಡು ಹೋಗಬೇಕಾಗಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ವಿಧಿಸುವ ಮೀನುಗಾರಿಕೆಯ ನಿಷೇಧವು ಮೀನುಗಳ ಸಂತಾನಕ್ಕೆ ಮಾತ್ರವಲ್ಲದೆ ದೋಣಿಗಳ ಆರೈಕೆಗೂ ಅವಕಾಶವನ್ನೊದಗಿಸಿ, ಹಿರಿಯರ ಪದ್ಧತಿಯನ್ನು ಒಂದು ರೀತಿಯಲ್ಲಿ ಉಳಿಸಿಕೊಂಡು ಬಂದಿದೆ. ಘಟ್ಟದ ಮೇಲಿನ ಜಲಾಶಯಗಳಲ್ಲಿ ದೋಣಿ ನಡೆಸುವವರು, ಆ ದೋಣಿಗಳಿಗೆ ಪರವಾನಿಗೆ ಕೊಡುವವರು, ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವನ್ನಿಡುವವರು, ಇವರೆಲ್ಲರೂ ಸೇರಿ ತಮ್ಮಲ್ಲಿಯೂ ಅಂತಹದೊಂದು ನಿಯಮವನ್ನು ಮಾಡಿಕೊಳ್ಳುವುದು ಲೇಸು. ಮಳೆಗಾಲವು ಮುಗಿದು ಮೊದಲ ಯಾತ್ರಿಕನು ದೋಣಿಯನ್ನೇರುವ ಮುನ್ನ, ಪ್ರತಿಯೊಂದು ದೋಣಿಯ ಕೊಂಡಿಯನ್ನು ಕಳಚಿ, ಸರಳನ್ನು ಹೊರಗೆಳೆದು, ಶುಚಿಮಾಡಿ, ಗ್ರೀಸು ಸವರಿ, ಮತ್ತೆ ಜೋಡಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ಸೀಮೆಯ ಸಿದ್ದಿ, ಕುಣಬಿ, ಗೌಳಿ ಮನೆತನಗಳ ತರುಣರು ಇಂದು ಪ್ರವಾಸೋದ್ಯಮದಲ್ಲಿ ದುಡಿಯಲು ಬರುತ್ತಿದ್ದಾರೆ. ಅವರಿಗೆ ದೋಣಿಯನ್ನು ಓಡಿಸುವುದನ್ನು ಕಲಿಸುವಾಗಲೇ ಅದನ್ನು ಬಿಚ್ಚಿ ನೋಡುವುದನ್ನೂ ಕಲಿಸಿದರೆ, ಅವರ ಕೈಗೆ ಒಂದು ಕೂಲಿಯ ಬದಲು ಒಂದು ವಿದ್ಯೆಯೇ ದಕ್ಕುವುದು. ತೊಗಲಿನ ಹರಿಗೋಲಿನಿಂದ ಕೇಬಲ್ಲಿನ ದೋಣಿಯವರೆಗೆ ಸಾಧನಗಳು ಎಷ್ಟು ಬದಲಾದರೂ, ತನ್ನನ್ನು ನಂಬಿ ಏರಿದವರನ್ನು ಆಚೆಯ ದಡಕ್ಕೆ ಮುಟ್ಟಿಸುವ ಹೊಣೆಯು ಅಂಬಿಗನದೇ ಆಗಿ ಉಳಿದಿದೆ; ಆ ಹೊಣೆಯ ಮೊದಲ ಪಾಠವು ದೋಣಿಯು ದಡದಲ್ಲಿರುವಾಗಲೇ ಆರಂಭವಾಗುತ್ತದೆಂಬುದನ್ನು ಈ ನದಿಯ ಚರಿತ್ರೆಯು ನಮಗೆ ಸ್ಪಷ್ಟವಾಗಿ ಕಲಿಸುತ್ತದೆ.